ಪರಿಸರ ಮತ್ತು ವಿದ್ಯುತ್ ಕಾನೂನಿನಲ್ಲಿ ಎಲ್‌ಎಲ್‌ಎಂ: ಅರ್ಜಿಯಿಂದ ವೈವಾದವರೆಗೆ

ನನ್ನ ಒಂದು ವರ್ಷದ ಎಲ್‌ಎಲ್‌ಎಂ, ಅಂದರೆ ಕಾನೂನಿನ ಸ್ನಾತಕೋತ್ತರ ಪದವಿ, ಈಗಷ್ಟೇ ಮುಗಿದಿದೆ. ಡಿಸರ್ಟೇಶನ್ ಎಂಬ ಸಂಶೋಧನಾ ಪ್ರಬಂಧ ಒಪ್ಪಿಸಿ, ಅದರ ಮೌಖಿಕ ಪರೀಕ್ಷೆಯಾದ ವೈವಾ ಮುಗಿದು, ಬಾಕಿ ಇಲ್ಲವೆಂಬ ನೋ ಡ್ಯೂ ಹಾಳೆಯ ಮೇಲೆ ಕೊನೆಯ ಸಹಿಯೂ ಬಿದ್ದಿದೆ. ಪರಿಸರ ಮತ್ತು ಇಂಧನ ಕ್ಷೇತ್ರದ ನಿಯಂತ್ರಣ ಕಾನೂನನ್ನೇ ಹಿಡಿದು ಓದಬೇಕೆಂದು ಹೊರಡುವವರು ಎಲ್ಲಕ್ಕಿಂತ ಮೊದಲು ಒಂದು ವಿಷಯ ತಿಳಿದಿರಬೇಕು. ನಮ್ಮ ದೇಶದಲ್ಲಿ ಈ ಎರಡನ್ನೂ ಜೋಡಿಸಿ ಹೇಳಿಕೊಡುವ ಪದವಿ ಬಹುತೇಕ ಕಡೆ ಸಿದ್ಧವಾಗಿ ಸಿಗುವುದಿಲ್ಲ. ಜೋಡಿಸುವ ಕೆಲಸ ವಿದ್ಯಾರ್ಥಿಯದೇ.

ಕಾರಣ ಸರಳ. ಪರಿಸರ ಕಾನೂನು ಮತ್ತು ವಿದ್ಯುತ್ ಕಾನೂನು ಒಂದೇ ಬೀದಿಯಲ್ಲಿದ್ದೂ ಮಾತಿಲ್ಲದ ಎರಡು ಮನೆಗಳ ಹಾಗೆ ಬೆಳೆದಿವೆ. ಪರಿಸರದ ಕಡೆ 1974ರ ಜಲ ಕಾಯ್ದೆ, 1981ರ ವಾಯು ಕಾಯ್ದೆ, 1986ರ ಪರಿಸರ ಸಂರಕ್ಷಣಾ ಕಾಯ್ದೆ, ಅದರಡಿ 2006ರ ಪರಿಸರ ಪರಿಣಾಮ ಅಂದಾಜು ಅಧಿಸೂಚನೆ, ಕೊನೆಗೆ ಪರಿಸರ ವ್ಯಾಜ್ಯಗಳಿಗೆಂದೇ ಇರುವ ಹಸಿರು ನ್ಯಾಯಮಂಡಳಿಯ 2010ರ ಕಾಯ್ದೆ. ವಿದ್ಯುತ್ ಕಡೆ 2003ರ ವಿದ್ಯುಚ್ಛಕ್ತಿ ಕಾಯ್ದೆ, 2001ರ ಇಂಧನ ಸಂರಕ್ಷಣಾ ಕಾಯ್ದೆ, ವಿದ್ಯುತ್ ದರ ನಿರ್ಧರಿಸುವ ಕೇಂದ್ರ ಮತ್ತು ರಾಜ್ಯ ನಿಯಂತ್ರಣ ಆಯೋಗಗಳು, ಅವುಗಳ ಮೇಲೆ ದೆಹಲಿಯ ವಿದ್ಯುತ್ ಮೇಲ್ಮನವಿ ನ್ಯಾಯಮಂಡಳಿಯಾದ ಆಪ್ಟೆಲ್. ಸಚಿವಾಲಯ ಬೇರೆ, ನ್ಯಾಯಮಂಡಳಿ ಬೇರೆ, ವಕೀಲರೂ ಬೇರೆ. ಪಠ್ಯಕ್ರಮವೂ ಹಾಗೇ ಒಡೆದಿದೆ. ಪರಿಸರದ ಪತ್ರಿಕೆ ಸಾಂವಿಧಾನಿಕ ಕಾನೂನಿನ ಬಾಲದಂತೆ ಬಂದರೆ, ಇಂಧನದ ಪತ್ರಿಕೆ ವ್ಯವಹಾರ ಕಾನೂನಿನ ಗುಂಪಿಗೆ ಸೇರಿರುತ್ತದೆ. ಎರಡೂ ಒಂದೇ ವರ್ಷದಲ್ಲಿ ಸಿಗಬೇಕಾದರೆ ಸೇರುವ ಮೊದಲೇ ಹುಡುಕಬೇಕು.

ಹುಡುಕುವ ರೀತಿ ಹೀಗೆ. ಒಂದು ವರ್ಷದ ಎಲ್‌ಎಲ್‌ಎಂ ನಡೆಯುವುದು ಯುಜಿಸಿಯ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗದ, ಮಾರ್ಗಸೂಚಿಯ ಚೌಕಟ್ಟಿನಲ್ಲಿ. ಒಟ್ಟು 24 ಕ್ರೆಡಿಟ್. ಅದರಲ್ಲಿ ಮೂರು ಕಡ್ಡಾಯ ಪತ್ರಿಕೆಗಳು: ಸಂಶೋಧನಾ ವಿಧಾನ ಮತ್ತು ಕಾನೂನು ಬರವಣಿಗೆ, ತೌಲನಿಕ ಸಾರ್ವಜನಿಕ ಕಾನೂನು, ಜಾಗತೀಕರಣದ ಜಗತ್ತಿನಲ್ಲಿ ಕಾನೂನು ಮತ್ತು ನ್ಯಾಯ. ಉಳಿದದ್ದು ಆರು ಐಚ್ಛಿಕ ಪತ್ರಿಕೆ ಮತ್ತು ಡಿಸರ್ಟೇಶನ್. ಅಂದರೆ ನಿಮ್ಮ ವಿಷಯಕ್ಕೆ ನಿಜವಾಗಿ ಸಿಗುವ ಜಾಗ ಆ ಆರು ಐಚ್ಛಿಕಗಳು ಮತ್ತು ಒಂದು ಡಿಸರ್ಟೇಶನ್ ಮಾತ್ರ. ಆದ್ದರಿಂದ ಸಂಸ್ಥೆಯ ಬ್ರೋಷರ್‌ನಲ್ಲಿ ಅಚ್ಚಾದ ಐಚ್ಛಿಕಗಳ ಪಟ್ಟಿ ನೋಡಿ ತೀರ್ಮಾನಿಸಬೇಡಿ. ಹಿಂದಿನ ಎರಡು ವರ್ಷ ತರಗತಿಯಲ್ಲಿ ನಿಜಕ್ಕೂ ನಡೆದ ಪತ್ರಿಕೆಗಳ ಪಟ್ಟಿ ಕೇಳಿ. ಪಟ್ಟಿಯಲ್ಲಿರುವ ಪತ್ರಿಕೆ ಸಾಕಷ್ಟು ವಿದ್ಯಾರ್ಥಿಗಳು ಆರಿಸಿಕೊಳ್ಳದಿದ್ದರೆ ರದ್ದಾಗುತ್ತದೆ, ಅಧ್ಯಾಪಕರು ರಜೆಯಲ್ಲಿದ್ದರೂ ರದ್ದಾಗುತ್ತದೆ. ವಿದ್ಯುತ್ ಕಾನೂನಿಗೆ ಈ ಗತಿ ಬರುವುದು ಹೆಚ್ಚು. ಹಳೆಯ ವಿದ್ಯಾರ್ಥಿಗಳಿಗೆ ಒಂದು ಇಮೇಲ್ ಬರೆದರೆ ಸತ್ಯ ತಿಳಿಯುತ್ತದೆ. ಇನ್ನೊಂದನ್ನೂ ಕೇಳಿ: ಪದವಿ ಪತ್ರದಲ್ಲಿ ವಿಶೇಷ ವಿಷಯದ ಹೆಸರು ಅಚ್ಚಾಗಬೇಕಾದರೆ ಆ ಗುಂಪಿನ ಎಷ್ಟು ಐಚ್ಛಿಕ ತೆಗೆದುಕೊಂಡಿರಬೇಕು, ಡಿಸರ್ಟೇಶನ್ ಕೂಡ ಅದೇ ವಿಷಯದಲ್ಲಿರಬೇಕೇ? ಹಲವು ಕಡೆ ಈ ಎರಡೂ ಷರತ್ತು ಇವೆ. ಎರಡನೇ ಅವಧಿಯಲ್ಲಿ ಗೊತ್ತಾದರೆ ಕಾಲ ಮೀರಿರುತ್ತದೆ.

ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ಪರಿಸರ ಕಾನೂನಿಗೆಂದೇ ಸೀರಾ ಎಂಬ ಕೇಂದ್ರವಿದೆ. ದೆಹಲಿಯ ಟೆರಿ ಉನ್ನತ ಅಧ್ಯಯನ ಸಂಸ್ಥೆಯ ಎಲ್‌ಎಲ್‌ಎಂನಲ್ಲಿ ಪರಿಸರ ಮತ್ತು ನೈಸರ್ಗಿಕ ಸಂಪನ್ಮೂಲ ಕಾನೂನಿನ ವಿಭಾಗವಿದೆ, ಜೊತೆಗೆ ಮೂಲಸೌಕರ್ಯ ಕಾನೂನಿನ ವಿಭಾಗವೂ ಇದೆ. ಡೆಹ್ರಾಡೂನಿನ ಯುಪಿಇಎಸ್ ಇಂಧನ ಕಾನೂನಿನ ಬೋಧನೆಗೆ ಹೆಸರಾದದ್ದು. ರಾಜ್ಯದ ವಿಶ್ವವಿದ್ಯಾಲಯಗಳ ಎರಡು ವರ್ಷದ ಎಲ್‌ಎಲ್‌ಎಂ ಕೂಡ ಕೀಳಲ್ಲ. ಶುಲ್ಕ ಕಡಿಮೆ, ಡಿಸರ್ಟೇಶನ್‌ಗೆ ಉಸಿರಾಡಲು ಸಮಯವಿರುತ್ತದೆ. ಕ್ಷೇತ್ರಕಾರ್ಯ ಮಾಡಬೇಕೆಂದಿರುವವರಿಗೆ ಅದೇ ಉತ್ತಮ ಎನ್ನುವುದು ನನ್ನ ಅಭಿಪ್ರಾಯ. ವಕೀಲಿಕೆ ಬಿಡಲಾಗದವರು ದೂರಶಿಕ್ಷಣದ ಪರಿಸರ ಕಾನೂನು ಸ್ನಾತಕೋತ್ತರ ಡಿಪ್ಲೊಮಾ ನೋಡಬಹುದು. ಆದರೆ ಡಿಪ್ಲೊಮಾ ಎಲ್‌ಎಲ್‌ಎಂಗೆ ಸಮವಲ್ಲ, ಅಧ್ಯಾಪಕ ಹುದ್ದೆಗೆ ಲೆಕ್ಕಕ್ಕೆ ಬರುವುದಿಲ್ಲ.

ಪ್ರವೇಶ ಪರೀಕ್ಷೆಯ ವಿಷಯ ಬೇಗ ಮುಗಿಸುತ್ತೇನೆ. ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳಲ್ಲಿ ಹೆಚ್ಚಿನವು ಕ್ಲಾಟ್ ಪಿಜಿ ಎಂಬ ಸಾಮಾನ್ಯ ಪ್ರವೇಶ ಪರೀಕ್ಷೆಯ ಮೂಲಕ, ದೆಹಲಿಯದು ಐಲೆಟ್ ಎಂಬ ತನ್ನದೇ ಪರೀಕ್ಷೆಯ ಮೂಲಕ ಸೇರಿಸಿಕೊಳ್ಳುತ್ತವೆ. ಕ್ಲಾಟ್ ಪಿಜಿಯಲ್ಲಿ 120 ಪ್ರಶ್ನೆ, 120 ನಿಮಿಷ, ತಪ್ಪು ಉತ್ತರಕ್ಕೆ 0.25 ಅಂಕ ಕಡಿತ. ಎಲ್‌ಎಲ್‌ಬಿಯಲ್ಲಿ 50 ಶೇಕಡಾ ಬೇಕು, ಪರಿಶಿಷ್ಟ ಜಾತಿ, ಪಂಗಡ ಮತ್ತು ಅಂಗವಿಕಲರಿಗೆ 45. ವಯೋಮಿತಿ ಇಲ್ಲ. ಅರ್ಜಿ ಶುಲ್ಕ ಈಚಿನ ವರ್ಷಗಳಲ್ಲಿ 4,000 ರೂಪಾಯಿ, ಮೀಸಲು ವರ್ಗದ ಕೆಲವರಿಗೆ 3,500. ಪರೀಕ್ಷೆ ಡಿಸೆಂಬರ್ ಮೊದಲ ವಾರದ ಸುತ್ತ ಬರುತ್ತಿದೆ. ಪ್ರಶ್ನೆಗಳು ತೀರ್ಪುಗಳ ಉದ್ಧರಣೆ ಕೊಟ್ಟು ಅದರ ಸುತ್ತ ಕೇಳುವಂಥವು. ಹಾಗಾಗಿ ಕಂಠಪಾಠದ ಗೈಡಿಗಿಂತ ವರ್ಷದ ಮುಖ್ಯ ತೀರ್ಪುಗಳನ್ನು ಮೂಲದಲ್ಲೇ ಓದಿದವರಿಗೆ ಅನುಕೂಲ. ಸಂವಿಧಾನಕ್ಕೆ ತೂಕ ಹೆಚ್ಚು. ಪರಿಸರ ಕಾನೂನು ಪಠ್ಯದಲ್ಲಿದೆ, ವಿದ್ಯುತ್ ಕಾನೂನು ಹೆಸರಿಗೂ ಇಲ್ಲ. ನಿಮ್ಮ ಪ್ರೀತಿಯ ವಿಷಯವನ್ನು ಆ ಆರು ತಿಂಗಳು ಪಕ್ಕಕ್ಕಿಟ್ಟು ಆಡಳಿತ ಕಾನೂನು, ನ್ಯಾಯಶಾಸ್ತ್ರ, ಕರಾರು ಓದುವುದು ಬೇಸರದ ಕೆಲಸವೇ. ಆದರೂ ಆಡಳಿತ ಕಾನೂನನ್ನು ಮನಸ್ಸಿಟ್ಟು ಓದಿ. ನಿಯಂತ್ರಣ ಆಯೋಗದ ಅಧಿಕಾರದ ಬಗ್ಗೆ ಮುಂದೆ ಬರುವ ಪ್ರತಿ ಪ್ರಶ್ನೆಯೂ ಕೊನೆಗೆ ಅಲ್ಲಿಗೇ ಹೋಗಿ ನಿಲ್ಲುತ್ತದೆ.

ನಿಜವಾದ ಒತ್ತಡ ಶುರುವಾಗುವುದು ಫಲಿತಾಂಶದ ನಂತರ. ಕೌನ್ಸೆಲಿಂಗ್‌ಗೆ ಕರೆ ಬಂದರೆ ಮೊದಲೇ ಹಣ ಕಟ್ಟಬೇಕು. ಈಚಿನ ವರ್ಷಗಳಲ್ಲಿ ಸಾಮಾನ್ಯ ವರ್ಗಕ್ಕೆ 30,000, ಮೀಸಲು ವರ್ಗಗಳಿಗೆ 20,000. ಸೀಟು ಹಂಚಿಕೆಯಾದ ಮೇಲೆ ಮೂರು ದಾರಿ: ಫ್ರೀಜ್, ಅಂದರೆ ಇದೇ ಸಾಕು, ಫ್ಲೋಟ್, ಅಂದರೆ ಇದನ್ನು ಇಟ್ಟುಕೊಂಡು ಮೇಲಿನ ಆಯ್ಕೆಗೆ ಕಾಯುತ್ತೇನೆ, ಎಕ್ಸಿಟ್. ಫ್ಲೋಟ್ ಒತ್ತಿದವರು ಒಂದು ಮಾತು ನೆನಪಿಡಬೇಕು. ಮೇಲಿನ ಆಯ್ಕೆ ಸಿಕ್ಕಿದರೆ ಈಗ ಕೈಯಲ್ಲಿರುವ ಸೀಟು ತಾನಾಗಿಯೇ ಹೋಗುತ್ತದೆ. ಆದ್ದರಿಂದ ಆದ್ಯತೆಯ ಪಟ್ಟಿಯನ್ನು ಸಂಸ್ಥೆಯ ಖ್ಯಾತಿಯ ಕ್ರಮದಲ್ಲಿ ತುಂಬಬೇಡಿ. ಎಲ್ಲರೂ ಹಾಗೇ ತುಂಬುತ್ತಾರೆ. ನಿಮ್ಮ ವಿಷಯಕ್ಕೆ ಮಾರ್ಗದರ್ಶಕರೇ ಇಲ್ಲದ ಹೆಸರುವಾಸಿ ಸಂಸ್ಥೆ ಮೂರನೆಯದಾಗಿ, ಮಾರ್ಗದರ್ಶಕರಿರುವ ಸಣ್ಣ ಸಂಸ್ಥೆ ಎಂಟನೆಯದಾಗಿ ಪಟ್ಟಿಯಲ್ಲಿದ್ದರೆ, ಸಿಗುವುದು ಮೂರನೆಯದೇ.

ಹಣದ ಹೊಂದಾಣಿಕೆ ಬಹಳ ಜನರನ್ನು ಕಂಗೆಡಿಸುವ ಜಾಗ. ಸೀಟು ಉಳಿಸಿಕೊಳ್ಳಲು ಕೆಲವೇ ದಿನಗಳಲ್ಲಿ ದೃಢೀಕರಣ ಶುಲ್ಕ ಕಟ್ಟಬೇಕು. ಬ್ಯಾಂಕು ಸಾಲ ಮಂಜೂರು ಮಾಡಲು ಪ್ರವೇಶ ಪತ್ರ ಮತ್ತು ಶುಲ್ಕ ವಿವರ ಪತ್ರ ಕೇಳುತ್ತದೆ. ಆ ಪತ್ರಗಳು ಬರುವುದು ದೃಢೀಕರಣ ಶುಲ್ಕ ಕಟ್ಟಿದ ಮೇಲೆ! ಹಾಗಾಗಿ ಮೊದಲ ಎರಡು ಕಂತಿನ ಹಣವನ್ನು ಸಾಲದಿಂದ ನಿರೀಕ್ಷಿಸದೆ ಬೇರೆ ಕಡೆಯಿಂದ ಹೊಂದಿಸಿಟ್ಟುಕೊಳ್ಳಿ. ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ 4 ಲಕ್ಷದವರೆಗೆ ಅಡಮಾನವಾಗಲಿ ಮೂರನೆಯವರ ಜಾಮೀನಾಗಲಿ ಕೇಳುವಂತಿಲ್ಲ, ಪೋಷಕರು ಸಹಸಾಲಗಾರರಾದರೆ ಸಾಕು. ಶಾಖೆಯಲ್ಲಿ ಬೇರೆ ಹೇಳಿದರೆ ಅರ್ಜಿಯನ್ನು ವಿದ್ಯಾಲಕ್ಷ್ಮಿ ಪೋರ್ಟಲ್ ಮೂಲಕವೇ ಹಾಕಿ. ಆಗ ಅರ್ಜಿ ದಾಖಲಾಗುತ್ತದೆ, ತಿರಸ್ಕರಿಸಿದರೆ ಕಾರಣ ಕೊಡಬೇಕಾಗುತ್ತದೆ. ಶುಲ್ಕದ ಜೊತೆಗೆ ಹಾಸ್ಟೆಲ್, ಮೆಸ್, ಮರಳಿ ಬರುವ ಠೇವಣಿ, ಇವನ್ನೆಲ್ಲ ಶುಲ್ಕ ವಿವರ ಪತ್ರದಲ್ಲಿ ಸೇರಿಸಿ ಕೊಡಲು ಸಂಸ್ಥೆಯನ್ನು ಕೇಳಿ. ಪತ್ರದಲ್ಲಿ ಇಲ್ಲದ ಬಾಬ್ತಿಗೆ ಬ್ಯಾಂಕು ಹಣ ಬಿಡುವುದಿಲ್ಲ. ರಾಜ್ಯದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕುವಾಗ ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಬೇಕು. ಆಧಾರಿನಲ್ಲಿರುವ ಹೆಸರಿಗೂ ಅಂಕಪಟ್ಟಿಯ ಹೆಸರಿಗೂ ಇನಿಷಿಯಲ್ ವ್ಯತ್ಯಾಸವಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ. ಇದನ್ನು ಪರೀಕ್ಷೆಗೆ ಮೊದಲೇ ಸರಿಪಡಿಸಿಕೊಳ್ಳಿ.

ದಾಖಲೆಗಳ ವಿಷಯಕ್ಕೆ ಬರೋಣ. ಎಸ್‌ಎಸ್‌ಎಲ್‌ಸಿ ಮತ್ತು ಪಿಯುಸಿ ಅಂಕಪಟ್ಟಿ, ಎಲ್‌ಎಲ್‌ಬಿಯ ಎಲ್ಲ ಸೆಮಿಸ್ಟರ್ ಅಂಕಪಟ್ಟಿಗಳು, ಪ್ರೊವಿಷನಲ್ ಪ್ರಮಾಣಪತ್ರ, ವರ್ಗಾವಣೆ ಪತ್ರ, ಮೈಗ್ರೇಶನ್ ಪ್ರಮಾಣಪತ್ರ, ನಡತೆ ಪತ್ರ. ಇವುಗಳಲ್ಲಿ ತಡವಾಗುವುದು ಮೈಗ್ರೇಶನ್ ಮತ್ತು ಕೊನೆಯ ಸೆಮಿಸ್ಟರಿನ ಫಲಿತಾಂಶ. ಮರುಮೌಲ್ಯಮಾಪನಕ್ಕೆ ಹಾಕಿದ್ದರೆ ಹೊಸ ಅಂಕಪಟ್ಟಿ ಬರುವವರೆಗೆ ಮೈಗ್ರೇಶನ್ ಕೊಡದಿರುವುದೂ ಉಂಟು. ಅಂತಿಮ ಸೆಮಿಸ್ಟರಿನವರು ಪರೀಕ್ಷೆ ಬರೆಯಬಹುದು, ತಾತ್ಕಾಲಿಕವಾಗಿ ಸೇರಬಹುದು. ಆದರೆ ತೇರ್ಗಡೆಯ ದಾಖಲೆ ಒಪ್ಪಿಸಲು ಕೊನೆಯ ದಿನವೊಂದಿರುತ್ತದೆ. ಆ ದಿನಕ್ಕೆ ಫಲಿತಾಂಶ ಬಾರದಿದ್ದರೆ ಪ್ರಾಂಶುಪಾಲರಿಂದ 'ಪರೀಕ್ಷೆ ಬರೆದಿದ್ದಾರೆ, ಹಿಂಬಾಕಿ ಇಲ್ಲ, ಫಲಿತಾಂಶ ಪ್ರಕಟವಾಗಿಲ್ಲ' ಎಂಬ ಪತ್ರವನ್ನು ಇಂಗ್ಲಿಷಿನಲ್ಲಿ, ಸೀಲು ಸಹಿತ ತೆಗೆದುಕೊಂಡು, ಗಡುವಿಗೆ ಮೊದಲೇ ಲಿಖಿತವಾಗಿ ವಿಸ್ತರಣೆ ಕೇಳಿ. ಫೋನಿನಲ್ಲಿ 'ಪರವಾಗಿಲ್ಲ' ಎಂದದ್ದು ದಾಖಲೆಯಾಗುವುದಿಲ್ಲ.

ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆ ಒಂದು ವಿಶೇಷ ಎಚ್ಚರಿಕೆ. ನಮ್ಮ ರಾಜ್ಯದ 1, 2ಎ, 2ಬಿ, 3ಎ, 3ಬಿ ಪ್ರವರ್ಗದ ಪ್ರಮಾಣಪತ್ರ ಹೊರರಾಜ್ಯದ ಸಂಸ್ಥೆಗಳಲ್ಲಿ ಅಥವಾ ಕೇಂದ್ರದ ಪಟ್ಟಿ ಅನುಸರಿಸುವಲ್ಲಿ ನಡೆಯುವುದಿಲ್ಲ. ಅಲ್ಲಿಗೆ ಕೇಂದ್ರ ನಮೂನೆಯ, ಕೆನೆಪದರಕ್ಕೆ ಸೇರಿಲ್ಲವೆಂಬ ಒಬಿಸಿ ಪ್ರಮಾಣಪತ್ರವೇ ಬೇಕು. ರಾಜ್ಯದ ಪಟ್ಟಿಯಲ್ಲಿರುವ ಎಲ್ಲ ಜಾತಿಗಳೂ ಕೇಂದ್ರದ ಪಟ್ಟಿಯಲ್ಲಿ ಇಲ್ಲ, ಅದನ್ನು ಮೊದಲೇ ನೋಡಿಕೊಳ್ಳಿ. ಎಷ್ಟೋ ಸಂಸ್ಥೆಗಳು ಆಯಾ ಆರ್ಥಿಕ ವರ್ಷದಲ್ಲಿ ಪಡೆದದ್ದನ್ನೇ ಕೇಳುವುದರಿಂದ ಏಪ್ರಿಲ್ 1ರ ನಂತರ ಹೊಸದಾಗಿ ಮಾಡಿಸಬೇಕಾದೀತು. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯ ಕರ್ನಾಟಕ ವಿದ್ಯಾರ್ಥಿ ವರ್ಗಕ್ಕೆ ರಾಜ್ಯದಲ್ಲಿ ಕನಿಷ್ಠ 10 ವರ್ಷ ಓದಿರಬೇಕು. ಓದಿದ ಪ್ರತಿ ಶಾಲೆ, ಕಾಲೇಜಿನಿಂದಲೂ ವ್ಯಾಸಂಗ ಪ್ರಮಾಣಪತ್ರ ತರಬೇಕಾಗಬಹುದು. ಬೇಸಿಗೆ ರಜೆಯಲ್ಲಿ ಶಾಲೆಯ ಕಚೇರಿ ಮುಚ್ಚಿರುತ್ತದೆ ಎನ್ನುವುದನ್ನು ಲೆಕ್ಕಕ್ಕೆ ಹಿಡಿಯಿರಿ.

ತರಗತಿ ಶುರುವಾದ ಮೇಲೆ ಮೊದಲ ಅವಧಿ ಬಹುಪಾಲು ಕಡ್ಡಾಯ ಪತ್ರಿಕೆಗಳಿಗೇ ಹೋಗುತ್ತದೆ. ಪರಿಸರ ಓದಲು ಬಂದವರಿಗೆ ದಕ್ಷಿಣ ಆಫ್ರಿಕದ ಸಂವಿಧಾನ, ಜರ್ಮನಿಯ ಪ್ರಮಾಣಾನುಗುಣತೆಯ ತತ್ವ ಎಂದು ದಿನಗಳು ಉರುಳುವಾಗ ತಾಳ್ಮೆ ಕೆಡುತ್ತದೆ. ಕೆಡಿಸಿಕೊಳ್ಳಬೇಡಿ. ಹವಾಮಾನ ಮೊಕದ್ದಮೆಗಳನ್ನು ಅರ್ಥ ಮಾಡಿಕೊಳ್ಳಲು ಬೇಕಾಗುವುದು ಈ ಸಾಮಗ್ರಿಯೇ. ಸಂಶೋಧನಾ ವಿಧಾನದ ಅಸೈನ್‌ಮೆಂಟಿಗೆ ನಿಮ್ಮ ಡಿಸರ್ಟೇಶನ್ ವಿಷಯವನ್ನೇ ಹಿಡಿಯಿರಿ. ಆಗ ಸಾಹಿತ್ಯ ಸಮೀಕ್ಷೆಯ ಅಧ್ಯಾಯ ಅಕ್ಟೋಬರಿನಲ್ಲೇ ಅರ್ಧ ಸಿದ್ಧವಾಗಿರುತ್ತದೆ.

ಪರಿಸರದ ಐಚ್ಛಿಕಗಳಲ್ಲಿ ತತ್ವಗಳು ಬೇಗ ಮನಸ್ಸಿಗೆ ಹತ್ತುತ್ತವೆ. ಮುನ್ನೆಚ್ಚರಿಕೆಯ ತತ್ವ, ಮಲಿನ ಮಾಡಿದವನೇ ತೆರಬೇಕೆಂಬ ತತ್ವ, ಇವೆರಡನ್ನೂ ದೇಶದ ಕಾನೂನಿನ ಭಾಗವೆಂದ ಸುಪ್ರೀಂ ಕೋರ್ಟಿನ 1996ರ ವೆಲ್ಲೂರು ತೀರ್ಪು. ಎಡವುವುದು ಕಾಲಮಿತಿಯಲ್ಲಿ. ಹಸಿರು ನ್ಯಾಯಮಂಡಳಿ ಕಾಯ್ದೆಯ 14ನೇ ಕಲಂನಡಿ ಅರ್ಜಿಗೆ ಆರು ತಿಂಗಳು ಮತ್ತು ಮೇಲೆ ಹೆಚ್ಚೆಂದರೆ 60 ದಿನ. 15ರಡಿ ಪರಿಹಾರಕ್ಕೆ ಐದು ವರ್ಷ ಮತ್ತು 60 ದಿನ. 16ರಡಿ ಮೇಲ್ಮನವಿಗೆ 30 ದಿನ ಮತ್ತು 60 ದಿನ. ಪರಿಸರ ಅನುಮತಿಯನ್ನು ಪ್ರಶ್ನಿಸುವವರು ಸಾಮಾನ್ಯವಾಗಿ 16ರಡಿ ಬರಬೇಕು. ಆದರೆ ಅನುಮತಿ ಸಿಕ್ಕಿದ ಸುದ್ದಿ ಹಳ್ಳಿಗೆ ಮುಟ್ಟುವಷ್ಟರಲ್ಲಿ ಆ 90 ದಿನ ಕಳೆದಿರುತ್ತದೆ. ಹಾಗಾಗಿ ಕಾಲಮಿತಿ ಯಾವ ದಿನದಿಂದ ಎಣಿಕೆಯಾಗುತ್ತದೆ ಎನ್ನುವುದರ ಮೇಲೆಯೇ ಎಷ್ಟೋ ಪ್ರಕರಣಗಳ ಸೋಲುಗೆಲುವು ನಿಂತಿದೆ. ವಿದ್ಯುತ್ ಕಡೆ ಲೆಕ್ಕ ಬೇರೆ: ಆಯೋಗದ ಆದೇಶದ ಮೇಲೆ ಆಪ್ಟೆಲ್‌ಗೆ 111ನೇ ಕಲಂನಡಿ 45 ದಿನ, ಅಲ್ಲಿಂದ ಸುಪ್ರೀಂ ಕೋರ್ಟಿಗೆ 125ರಡಿ 60 ದಿನ. ಇವನ್ನೆಲ್ಲ ಒಂದೇ ಹಾಳೆಯಲ್ಲಿ ಬರೆದು ಮೇಜಿನ ಮುಂದೆ ಅಂಟಿಸಿಕೊಳ್ಳಿ.

ವಿದ್ಯುತ್ ಪತ್ರಿಕೆಯಲ್ಲಿ ಕಾನೂನು ವಿದ್ಯಾರ್ಥಿಗಳನ್ನು ಹೆದರಿಸುವುದು ಅಂಕಿಗಳು. ಹೆದರಿ ಕಲಂಗಳನ್ನಷ್ಟೇ ಓದಿಕೊಂಡರೆ ಈ ಕ್ಷೇತ್ರ ದಕ್ಕುವುದಿಲ್ಲ. ಮೊದಲು ಕಲಿಯಬೇಕಾದದ್ದು ಮೆಗಾವ್ಯಾಟ್ ಮತ್ತು ಯೂನಿಟ್ ನಡುವಣ ವ್ಯತ್ಯಾಸ. ಮೆಗಾವ್ಯಾಟ್ ಸ್ಥಾವರದ ಸಾಮರ್ಥ್ಯ, ಯೂನಿಟ್ ನಿಜಕ್ಕೂ ಹುಟ್ಟಿದ ವಿದ್ಯುತ್ತಿನ ಅಳತೆ, ಅಂದರೆ ಒಂದು ಕಿಲೋವ್ಯಾಟ್ ಗಂಟೆ. ಒಂದು ಮೆಗಾವ್ಯಾಟ್ ಸೌರ ಸ್ಥಾವರ ವರ್ಷದ 8,760 ಗಂಟೆಯೂ ಪೂರ್ತಿ ಉತ್ಪಾದಿಸುವುದಿಲ್ಲ. ಸಾಮರ್ಥ್ಯ ಬಳಕೆ ಪ್ರಮಾಣ 20 ಶೇಕಡಾ ಎಂದು ಹಿಡಿದರೆ ಸಿಗುವುದು 17.52 ಲಕ್ಷ ಯೂನಿಟ್. ದರದಲ್ಲಿ ಯೂನಿಟ್ಟಿಗೆ 10 ಪೈಸೆ ವ್ಯತ್ಯಾಸವಾದರೆ ವರ್ಷಕ್ಕೆ 1,75,200 ರೂಪಾಯಿ. 25 ವರ್ಷದ ಖರೀದಿ ಒಪ್ಪಂದದ ಉದ್ದಕ್ಕೂ ಸುಮಾರು 43.8 ಲಕ್ಷ. ಇದು ಒಂದೇ ಮೆಗಾವ್ಯಾಟಿನ ಮಾತು. ಹತ್ತು ಪೈಸೆಗಾಗಿ ಸುಪ್ರೀಂ ಕೋರ್ಟಿನವರೆಗೆ ಏಕೆ ಹೋಗುತ್ತಾರೆ ಎಂದು ಈ ಲೆಕ್ಕ ಮಾಡಿದವರಿಗೆ ಮತ್ತೆ ಹೇಳಬೇಕಾಗಿಲ್ಲ.

ಎರಡನೆಯದು, ದರ ಆದೇಶ ಓದುವುದು. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ಆದೇಶಗಳು ನೂರಾರು ಪುಟದವು. ಮೊದಲ ಪುಟದಿಂದ ಓದಲು ಕೂರಬೇಡಿ. ವಿದ್ಯುತ್ ವಿತರಣಾ ಕಂಪನಿಯಾದ ಎಸ್ಕಾಂ ಕೇಳಿದ ವಾರ್ಷಿಕ ಆದಾಯ ಅಗತ್ಯ ಎಷ್ಟು, ಆಯೋಗ ಒಪ್ಪಿದ್ದು ಎಷ್ಟು ಎಂಬ ಕೋಷ್ಟಕಕ್ಕೆ ನೇರ ಹೋಗಿ. ವಿದ್ಯುತ್ ಖರೀದಿ ವೆಚ್ಚ, ಕಾರ್ಯಾಚರಣೆ ಮತ್ತು ನಿರ್ವಹಣೆ, ಸವಕಳಿ, ಸಾಲದ ಬಡ್ಡಿ, ಬಂಡವಾಳದ ಮೇಲಿನ ಪ್ರತಿಫಲ ಎಂದು ಸಾಲುಗಳಿರುತ್ತವೆ. ಎಲ್ಲಿ ವ್ಯತ್ಯಾಸ ದೊಡ್ಡದೋ ಆ ಸಾಲಿನ ಕಾರಣವನ್ನು ಹಿಂದಿನ ಪುಟಗಳಲ್ಲಿ ಹುಡುಕಿ. ಆಮೇಲೆ ಸಾರ್ವಜನಿಕರ ಆಕ್ಷೇಪಣೆಗಳ ಅಧ್ಯಾಯ ಓದಿ. ದರದ ಅರ್ಜಿಯನ್ನು 64ನೇ ಕಲಂನಂತೆ ಪ್ರಕಟಿಸಿ, ಜನರ ಸಲಹೆ ಆಕ್ಷೇಪಣೆ ಪರಿಗಣಿಸಿ 120 ದಿನದೊಳಗೆ ತೀರ್ಮಾನಿಸಬೇಕು. ಆ ವಿಚಾರಣೆಗೆ ಯಾರು ಬೇಕಾದರೂ ಹೋಗಿ ಕೂರಬಹುದು. ಒಮ್ಮೆಯಾದರೂ ಹೋಗಿ ಕೂರಿ. ರೈತರು, ಸಣ್ಣ ಕೈಗಾರಿಕೆಯವರು, ಗ್ರಾಹಕ ಸಂಘಟನೆಗಳು ಆಯೋಗದ ಮುಂದೆ ಮಾತಾಡುವುದನ್ನು ಕೇಳಿದ ಮೇಲೆ ಆ ಕೋಷ್ಟಕಗಳಿಗೆ ಜೀವ ಬರುತ್ತದೆ.

ಎರಡೂ ಕಾನೂನು ಎಲ್ಲಿ ಸೇರುತ್ತವೆ? ಅಭ್ಯಾಸಕ್ಕೆ ನಾನು ಎಲ್ಲರಿಗೂ ಹೇಳುವುದು ಕಲ್ಲಿದ್ದಲು ಸ್ಥಾವರಗಳ ಹೊಗೆಯ ಮಿತಿಯ ಕಥೆ. 2015ರ ಡಿಸೆಂಬರ್ 7ರಂದು ಪರಿಸರ ಸಚಿವಾಲಯ ಉಷ್ಣ ವಿದ್ಯುತ್ ಸ್ಥಾವರಗಳಿಗೆ ಗಂಧಕದ ಡೈಆಕ್ಸೈಡ್, ಸಾರಜನಕದ ಆಕ್ಸೈಡ್, ಪಾದರಸ ಮತ್ತು ಕಣಗಳ ಹೊಸ ಮಿತಿ ಅಧಿಸೂಚಿಸಿತು. ಹಳೆಯ ಸ್ಥಾವರಗಳಿಗೆ ಎರಡು ವರ್ಷದ ಗಡುವು. ಗಂಧಕ ಹಿಡಿಯಲು ಎಫ್‌ಜಿಡಿ ಎಂಬ ದುಬಾರಿ ಉಪಕರಣ ಬೇಕು. ಪರಿಸರ ಕಾನೂನಿನ ಪಾಠ ಇಲ್ಲಿಗೆ ಮುಗಿಯುತ್ತದೆ. ಆದರೆ ಆ ಹಣ ಯಾರು ಕೊಡಬೇಕು? ವಿದ್ಯುತ್ ಖರೀದಿ ಒಪ್ಪಂದದಲ್ಲಿ 'ಕಾನೂನಿನ ಬದಲಾವಣೆ' ಎಂಬ ಷರತ್ತಿರುತ್ತದೆ. ಹೊಸ ಕಾನೂನಿನಿಂದ ಬಿದ್ದ ಹೊರೆಯನ್ನು ದರದಲ್ಲಿ ಸೇರಿಸಿಕೊಳ್ಳಬಹುದೆಂಬುದು ಅದರ ತಿರುಳು. 2018ರ ಮೇ 30ರಂದು ಇಂಧನ ಸಚಿವಾಲಯ ವಿದ್ಯುಚ್ಛಕ್ತಿ ಕಾಯ್ದೆಯ 107ನೇ ಕಲಂನಡಿ ಕೇಂದ್ರ ಆಯೋಗಕ್ಕೆ ನಿರ್ದೇಶನ ಕೊಟ್ಟು, ಈ ಮಿತಿಗಳನ್ನು ಕಾನೂನಿನ ಬದಲಾವಣೆಯೆಂದೇ ಪರಿಗಣಿಸಲು ಹೇಳಿತು. ಮುಂದೆ ಗಡುವುಗಳು ಮತ್ತೆ ಮತ್ತೆ ಮುಂದಕ್ಕೆ ಹೋದವು, 2025ರ ಜುಲೈನಲ್ಲಿ ಬಹುಪಾಲು ಸ್ಥಾವರಗಳಿಗೆ ಗಂಧಕದ ಮಿತಿಯಿಂದ ವಿನಾಯಿತಿಯೇ ಸಿಕ್ಕಿತು. ಈಗಾಗಲೇ ಉಪಕರಣ ಹಾಕಿದವರ ವೆಚ್ಚ, ಗ್ರಾಹಕರ ಬಿಲ್ಲು, ಸ್ಥಾವರದ ಸುತ್ತಲಿನವರ ಉಸಿರು, ಮೂರೂ ಒಂದೇ ಅಧಿಸೂಚನೆಗೆ ಕಟ್ಟಿಕೊಂಡಿವೆ. ಈ ಒಂದು ಎಳೆಯನ್ನು ಅಧಿಸೂಚನೆಯಿಂದ ಒಪ್ಪಂದಕ್ಕೆ, ಒಪ್ಪಂದದಿಂದ ಆಯೋಗದ ಆದೇಶಕ್ಕೆ, ಅಲ್ಲಿಂದ ಆಪ್ಟೆಲ್ ತೀರ್ಪಿಗೆ ಹಿಂಬಾಲಿಸಿ ಓದಿದವರಿಗೆ ಈ ಪದವಿಯ ಅರ್ಧ ಸಾರ ಸಿಕ್ಕಿದಂತೆ.

ಹೊಸ ಉದಾಹರಣೆ ಬೇಕೆಂದರೆ, ಹೊರಸೂಸುವಿಕೆಯನ್ನು ಗುರಿಗಿಂತ ತಗ್ಗಿಸಿದವರು ಮಿಕ್ಕವರಿಗೆ ಕ್ರೆಡಿಟ್ ಮಾರುವ ಇಂಗಾಲದ ಮಾರುಕಟ್ಟೆ ಇದೆ. 2022ರ ತಿದ್ದುಪಡಿಯ ನಂತರ ಇಂಧನ ಸಂರಕ್ಷಣಾ ಕಾಯ್ದೆಯಡಿ 2023ರ ಜೂನ್‌ನಲ್ಲಿ ಇಂಗಾಲದ ಕ್ರೆಡಿಟ್ ವ್ಯಾಪಾರ ಯೋಜನೆ ಬಂತು. ಯೋಜನೆ ಇಂಧನ ಸಚಿವಾಲಯದ್ದು. ಕೈಗಾರಿಕೆಗಳು ತಲುಪಬೇಕಾದ ಹೊರಸೂಸುವಿಕೆಯ ಗುರಿಗಳ ನಿಯಮ 2025ರಲ್ಲಿ ಬಂದದ್ದು ಪರಿಸರ ಸಂರಕ್ಷಣಾ ಕಾಯ್ದೆಯಡಿ. ತೀರ್ಪುಗಳಲ್ಲಿ 2024ರ ಎಂ.ಕೆ. ರಂಜಿತ್‌ಸಿನ್ಹ್ ಪ್ರಕರಣವನ್ನು ತಪ್ಪಿಸಬೇಡಿ. ಗ್ರೇಟ್ ಇಂಡಿಯನ್ ಬಸ್ಟರ್ಡ್ ಹಕ್ಕಿಯ ಉಳಿವು ಒಂದು ಕಡೆ, ಸೌರ ವಿದ್ಯುತ್ ಸಾಗಿಸುವ ತಂತಿಗಳು ಇನ್ನೊಂದು ಕಡೆ. ಹವಾಮಾನ ಬದಲಾವಣೆಯ ದುಷ್ಪರಿಣಾಮಗಳಿಂದ ಮುಕ್ತವಾಗಿರುವ ಹಕ್ಕನ್ನು ಸುಪ್ರೀಂ ಕೋರ್ಟ್ ಸಂವಿಧಾನದ 14 ಮತ್ತು 21ನೇ ವಿಧಿಗಳಲ್ಲಿ ಕಂಡದ್ದು ಈ ತೀರ್ಪಿನಲ್ಲಿ. 2021ರ ಮಧ್ಯಂತರ ಆದೇಶವನ್ನೂ ಪಕ್ಕದಲ್ಲಿಟ್ಟುಕೊಂಡು ಓದಬೇಕು. ಅದೇ ನ್ಯಾಯಾಲಯ ತಂತಿಗಳನ್ನು ನೆಲದಡಿ ಹಾಕುವ ಆದೇಶವನ್ನು ಏಕೆ ಬದಲಿಸಿತು ಎನ್ನುವುದರಲ್ಲಿ ನಿಜವಾದ ಪಾಠವಿದೆ.

ಡಿಸರ್ಟೇಶನ್ ವಿಷಯ ಆರಿಸುವಾಗ ಆಗುವ ದೊಡ್ಡ ತೊಂದರೆ ಹರವು. 'ಭಾರತದಲ್ಲಿ ನವೀಕರಿಸಬಹುದಾದ ಇಂಧನ ಮತ್ತು ಪರಿಸರ ಕಾನೂನು' ಎಂಬ ಶೀರ್ಷಿಕೆ ಸಿನಾಪ್ಸಿಸ್, ಅಂದರೆ ವಿಷಯದ ರೂಪರೇಖೆ ಒಪ್ಪಿಸುವ ಹಂತದಲ್ಲೇ ವಾಪಸ್ ಬರುತ್ತದೆ, ಬಾರದಿದ್ದರೆ ಇನ್ನೂ ಕಷ್ಟ. ಒಂದು ಕಲಂ, ಒಂದು ಪ್ರಾಧಿಕಾರ, ಒಂದು ಅವಧಿ ಎಂದು ಕಿರಿದು ಮಾಡಿ. ಸೌರ ಸ್ಥಾವರಗಳಿಗೆ 2006ರ ಅಧಿಸೂಚನೆಯಡಿ ಪರಿಸರ ಅನುಮತಿ ಬೇಕಿಲ್ಲ. ಹಾಗಾದರೆ 2,050 ಮೆಗಾವ್ಯಾಟಿನ ಪಾವಗಡ ಸೌರ ಪಾರ್ಕಿನಂಥ ಕಡೆ, ರೈತರ ಜಮೀನು ಗುತ್ತಿಗೆಗೆ ಪಡೆದಾಗ, ಭೂಮಿಯಿಲ್ಲದ ಕೂಲಿಯವರ ನಷ್ಟವನ್ನು ಯಾವ ಕಾನೂನು ನೋಡುತ್ತದೆ? ಇದು ಒಂದು ಪ್ರಶ್ನೆ. ಶರಾವತಿಯ 2,000 ಮೆಗಾವ್ಯಾಟ್ ಭೂಗತ ಜಲವಿದ್ಯುತ್ ಯೋಜನೆಯಲ್ಲಿ ಪರಿಸರ, ಅರಣ್ಯ, ವನ್ಯಜೀವಿ ಎಂಬ ಮೂರು ಅನುಮತಿಗಳು ಒಂದನ್ನೊಂದು ಹೇಗೆ ನೋಡುತ್ತವೆ? ಇದು ಇನ್ನೊಂದು. ಆಯೋಗದ ನಿಯಮಾವಳಿಯನ್ನೇ ಪ್ರಶ್ನಿಸುವ ವಿಷಯ ಹಿಡಿಯುವವರು 2010ರ ಪಿಟಿಸಿ ಇಂಡಿಯಾ ತೀರ್ಪನ್ನು ಮೊದಲೇ ಓದಿಕೊಳ್ಳಿ: ನಿಯಮಾವಳಿಯ ಸಿಂಧುತ್ವವನ್ನು ಆಪ್ಟೆಲ್ ಪರಿಶೀಲಿಸಲಾಗದು, ಅದಕ್ಕೆ ಹೈಕೋರ್ಟಿನ ರಿಟ್ ದಾರಿ. ಇದು ತಿಳಿಯದೆ ಆಪ್ಟೆಲ್ ತೀರ್ಪುಗಳಲ್ಲಿ ಹುಡುಕಿದರೆ ವಾರಗಟ್ಟಲೆ ವ್ಯರ್ಥ.

ಮೂಲ ದಾಖಲೆ ಸಿಗುವ ಜಾಗಗಳು. ಪರಿಸರ ಅನುಮತಿ ಪತ್ರ, ಪರಿಣಾಮ ಅಂದಾಜು ವರದಿ, ತಜ್ಞ ಸಮಿತಿಯ ನಡಾವಳಿ, ಎಲ್ಲವೂ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ. ಯೋಜನೆಯ ಹೆಸರಿನಿಂದ ಹುಡುಕಿದರೆ ಎಷ್ಟೋ ಸಲ ಸಿಗುವುದಿಲ್ಲ, ಪ್ರಸ್ತಾವದ ಸಂಖ್ಯೆ ಬೇಕು. ಆ ಸಂಖ್ಯೆ ಸಮಿತಿಯ ನಡಾವಳಿಯಲ್ಲಿ ಇರುತ್ತದೆ. ಅನುಮತಿ ಪಡೆದವರು ಪ್ರತಿ ವರ್ಷ ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ಷರತ್ತುಗಳ ಪಾಲನೆಯ ವರದಿ ಒಪ್ಪಿಸಬೇಕೆಂದು 2006ರ ಅಧಿಸೂಚನೆಯಲ್ಲೇ ಇದೆ. ಸತತ ನಾಲ್ಕೈದು ವರದಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಅದೇ ವಾಕ್ಯ, ಅದೇ ಅಂಕಿ ಮರುಕಳಿಸಿದ್ದರೆ ನಿಮಗೊಂದು ಅಧ್ಯಾಯ ಸಿಕ್ಕಿತು. ಸಾರ್ವಜನಿಕ ಅಹವಾಲು ಸಭೆಯ ನಡಾವಳಿ ಕನ್ನಡ ಬಲ್ಲವರಿಗೆ ದೊಡ್ಡ ಆಸ್ತಿ. ಸಭೆಗೆ ಕನಿಷ್ಠ 30 ದಿನ ಮೊದಲು ಪ್ರಕಟಣೆ ಕೊಡಬೇಕು, ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲೂ ಇರಬೇಕು. ಇಂಗ್ಲಿಷ್ ಸಾರಾಂಶದಲ್ಲಿ 'ಉದ್ಯೋಗಕ್ಕೆ ಬೇಡಿಕೆ' ಎಂದು ಒಂದೇ ಸಾಲಿನಲ್ಲಿ ಮುಗಿದದ್ದು ಕನ್ನಡದ ನಡಾವಳಿಯಲ್ಲಿ ಬಾವಿ, ಗೋಮಾಳ, ದೂಳು ಎಂದು ಪುಟಗಟ್ಟಲೆ ಇರಬಹುದು. ಈ ಎರಡನ್ನೂ ಹೋಲಿಸುವ ಸಂಶೋಧನೆ ಹೊರಗಿನವರು ಮಾಡಲಾರರು, ನಾವೇ ಮಾಡಬೇಕು.

ಪೋರ್ಟಲ್‌ನಲ್ಲಿ ಇಲ್ಲದ್ದಕ್ಕೆ ಮಾಹಿತಿ ಹಕ್ಕು. ಶುಲ್ಕ 10 ರೂಪಾಯಿ. ರಾಜ್ಯದ ಕಚೇರಿಗಳಿಗೆ ಹಾಕುವಾಗ ಕರ್ನಾಟಕದ ನಿಯಮ ನೆನಪಿಡಿ: ಅರ್ಜಿ 150 ಪದ ಮೀರಬಾರದು, ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು. ಐದು ಪ್ರಶ್ನೆ ಒಂದರಲ್ಲೇ ತುರುಕಿದರೆ ಆ ಕಾರಣಕ್ಕೇ ವಾಪಸ್. ಉತ್ತರಕ್ಕೆ 30 ದಿನ. ಬಾರದಿದ್ದರೆ ಮೊದಲ ಮೇಲ್ಮನವಿ, ಅದರ ತೀರ್ಮಾನಕ್ಕೆ 30ರಿಂದ 45 ದಿನ. ಎರಡನೇ ಮೇಲ್ಮನವಿಯ ತೀರ್ಮಾನ ನಿಮ್ಮ ಕೋರ್ಸು ಮುಗಿಯುವುದರೊಳಗೆ ಬರುತ್ತದೆಂದು ನಂಬಬೇಡಿ. ಆದ್ದರಿಂದ ಸಿನಾಪ್ಸಿಸ್ ಒಪ್ಪಿಗೆಗೆ ಕಾಯದೆ, ವಿಷಯ ಮನಸ್ಸಿಗೆ ಬಂದ ವಾರವೇ ಅರ್ಜಿ ಹಾಕಿ. ಜನರ ಸಂದರ್ಶನ ಮಾಡುವುದಿದ್ದರೆ ಸಂಸ್ಥೆಯ ನೈತಿಕ ಸಮಿತಿಯ ಒಪ್ಪಿಗೆಯೂ ಬೇಕಾಗಬಹುದು. ಅದು ತಿಂಗಳಿಗೊಮ್ಮೆ ಸೇರುವ ಸಮಿತಿಯಾದರೆ ಒಂದು ಸಭೆ ತಪ್ಪಿದರೂ ಕ್ಷೇತ್ರಕಾರ್ಯ ಕೈತಪ್ಪುತ್ತದೆ.

ಜನವರಿ, ಫೆಬ್ರವರಿ ಹೊತ್ತಿಗೆ ಮನಸ್ಸು ಕುಗ್ಗುವುದು ಸಹಜ. ಐಚ್ಛಿಕಗಳ ಪ್ರಬಂಧಗಳು, ಡಿಸರ್ಟೇಶನ್, ಅಧ್ಯಾಪಕ ಹುದ್ದೆಯ ಅರ್ಹತೆಗೆಂದು ಬರೆಯುವ ನೆಟ್ ಪರೀಕ್ಷೆಯ ತಯಾರಿ ಒಟ್ಟಿಗೇ ಬರುತ್ತವೆ. ಜೊತೆಯವರು ಮಾನವ ಹಕ್ಕು ಅಥವಾ ಕಾರ್ಪೊರೇಟ್ ಕಾನೂನಿನವರಾಗಿದ್ದು, ನಿಮ್ಮ ಕೋಷ್ಟಕಗಳ ಬಗ್ಗೆ ಮಾತಾಡಲು ಯಾರೂ ಇರುವುದಿಲ್ಲ. ಮಾರ್ಗದರ್ಶಕರ ಜೊತೆ ಹದಿನೈದು ದಿನಕ್ಕೊಮ್ಮೆ ನಿಗದಿತ ಭೇಟಿ ಇಟ್ಟುಕೊಂಡು, ಪ್ರತಿ ಸಲವೂ ನಾಲ್ಕು ಪುಟವಾದರೂ ಬರೆದು ಒಯ್ಯುವುದು ಇದಕ್ಕೆ ನಾನು ಕಂಡ ಒಳ್ಳೆಯ ಮದ್ದು.

ಒಪ್ಪಿಸುವ ಮೊದಲು, ಬೇರೆಯವರ ಬರಹದಿಂದ ನಕಲಾಗಿದೆಯೇ ಎಂದು ನೋಡುವ ಹೋಲಿಕೆ ತಪಾಸಣೆ. ಯುಜಿಸಿಯ 2018ರ ನಿಯಮದಂತೆ 10 ಶೇಕಡಾವರೆಗೆ ದಂಡವಿಲ್ಲ. 10ರಿಂದ 40 ಬಂದರೆ ಆರು ತಿಂಗಳೊಳಗೆ ತಿದ್ದಿ ಮತ್ತೆ ಒಪ್ಪಿಸಬೇಕು. 40ರಿಂದ 60 ಆದರೆ ಒಂದು ವರ್ಷ ಒಪ್ಪಿಸುವಂತಿಲ್ಲ. 60 ದಾಟಿದರೆ ನೋಂದಣಿಯೇ ರದ್ದು. ಉದ್ಧರಣ ಚಿಹ್ನೆಯೊಳಗೆ ಮೂಲ ಹೇಳಿ ಕೊಟ್ಟದ್ದು, ಗ್ರಂಥಸೂಚಿ, ಕಾನೂನಿನ ಪಠ್ಯ ಇವು ಲೆಕ್ಕಕ್ಕೆ ಬರಬಾರದು. ಆದರೆ ತಂತ್ರಾಂಶಕ್ಕೆ ಇದು ತಾನಾಗಿ ತಿಳಿಯುವುದಿಲ್ಲ. ಕಲಂಗಳನ್ನೂ ಅನುಮತಿ ಪತ್ರದ ಷರತ್ತುಗಳನ್ನೂ ಉದ್ಧರಣ ಚಿಹ್ನೆಯಿಲ್ಲದೆ ಒಳಸರಿಸಿ ಕೊಟ್ಟಿದ್ದರೆ ಅಂಕಿ ಏರಿಬಿಡುತ್ತದೆ. ಗ್ರಂಥಪಾಲಕರ ಜೊತೆ ಕೂತು ಹೊರಗಿಡಬೇಕಾದ ಭಾಗಗಳನ್ನು ಗುರುತಿಸಿ ಎರಡನೇ ವರದಿ ತೆಗೆಸಿ. ಅಡಿಟಿಪ್ಪಣಿಗಳನ್ನು ಮೊದಲ ದಿನದಿಂದಲೇ ಜೊಟೆರೊ ಥರದ ತಂತ್ರಾಂಶದಲ್ಲಿ ಹಾಕಿ. ಹಸಿರು ನ್ಯಾಯಮಂಡಳಿಯ ಆದೇಶಕ್ಕೆ ಅರ್ಜಿ ಸಂಖ್ಯೆ, ವರ್ಷ, ಪೀಠ, ಆದೇಶದ ದಿನಾಂಕ ನಾಲ್ಕೂ ಬೇಕು, ಏಕೆಂದರೆ ಒಂದೇ ಅರ್ಜಿಯಲ್ಲಿ ಹತ್ತಾರು ಆದೇಶಗಳಿರುತ್ತವೆ.

ವೈವಾದಲ್ಲಿ ಬಾಹ್ಯ ಪರೀಕ್ಷಕರು ಪರಿಸರದವರೋ ವಿದ್ಯುತ್ತಿನವರೋ ಎಂದು ಮೊದಲೇ ತಿಳಿಯಲು ಯತ್ನಿಸಿ. ಸಾಮಾನ್ಯವಾಗಿ ಇಬ್ಬರಲ್ಲಿ ಒಬ್ಬರೇ ಬಂದಿರುತ್ತಾರೆ, ಪ್ರಶ್ನೆಗಳು ಅವರಿಗೆ ಹೊಸದಾದ ಅರ್ಧದ ಮೇಲೆ ಬೀಳುತ್ತವೆ. ಆ ಅರ್ಧವನ್ನು ಸರಳ ಮಾತಿನಲ್ಲಿ, ಒಂದು ಅಂಕಿಯ ಉದಾಹರಣೆಯೊಂದಿಗೆ ವಿವರಿಸುವ ತಯಾರಿ ಇರಲಿ.

ಮುಗಿದ ಮೇಲೆ ಸಂಸ್ಥೆ ಬಿಡುವ ಮೊದಲು ಪ್ರೊವಿಷನಲ್ ಪ್ರಮಾಣಪತ್ರ, ಮೈಗ್ರೇಶನ್ ಮತ್ತು ಮೊಹರು ಮಾಡಿದ ಲಕೋಟೆಯಲ್ಲಿ ಎರಡು ಪ್ರತಿ ಟ್ರಾನ್ಸ್‌ಕ್ರಿಪ್ಟ್ ತೆಗೆದುಕೊಳ್ಳಿ. ಘಟಿಕೋತ್ಸವ ತಿಂಗಳುಗಟ್ಟಲೆ ತಡವಾಗಬಹುದು. ಇನ್ನೊಂದು ಪತ್ರವನ್ನು ಕೇಳಿ ಪಡೆಯಿರಿ, ತಾವಾಗಿ ಕೊಡುವುದಿಲ್ಲ: ಗ್ರೇಡ್ ಸರಾಸರಿಯನ್ನು ಶೇಕಡಾವಾರಿಗೆ ಪರಿವರ್ತಿಸುವ ಸೂತ್ರದ ಅಧಿಕೃತ ಪತ್ರ. ನೆಟ್ ಪರೀಕ್ಷೆಗೂ ಸಹಾಯಕ ಪ್ರಾಧ್ಯಾಪಕ ಹುದ್ದೆಗೂ ಸ್ನಾತಕೋತ್ತರದಲ್ಲಿ 55 ಶೇಕಡಾ ಬೇಕು, ಪರಿಶಿಷ್ಟರಿಗೆ, ಕೆನೆಪದರಕ್ಕೆ ಸೇರದ ಒಬಿಸಿಯವರಿಗೆ ಮತ್ತು ಅಂಗವಿಕಲರಿಗೆ 50. ಅಂಕಪಟ್ಟಿಯಲ್ಲಿ ಬರೀ ಗ್ರೇಡ್ ಇದ್ದು ಈ ಪತ್ರ ಇಲ್ಲದಿದ್ದರೆ ದಾಖಲೆ ಪರಿಶೀಲನೆಯ ಮೇಜಿನಲ್ಲೇ ಅರ್ಜಿ ನಿಂತುಬಿಡುತ್ತದೆ. ನಿಯಂತ್ರಣ ಆಯೋಗಗಳು ಕಾನೂನು ಸಲಹೆಗಾರರನ್ನು ಗುತ್ತಿಗೆಯ ಮೇಲೆ ಕರೆಯುವ ಪ್ರಕಟಣೆಗಳಿಗೆ ಅರ್ಜಿ ಹಾಕುವಾಗ, ಡಿಸರ್ಟೇಶನ್ ಪೂರ್ತಿ ಕಳಿಸುವ ಬದಲು ದರ ಆದೇಶವೊಂದನ್ನು ವಿಶ್ಲೇಷಿಸಿದ ಎಂಟು ಹತ್ತು ಪುಟದ ಬರಹ ಲಗತ್ತಿಸಿ. ಓದುವವರು ಅದನ್ನು ಓದುತ್ತಾರೆ.